ಚೆನ್ನಾಜಮ್ಮನ ಅಡ್ಡಗೆರೆ

ಕಪಿಲೆಯ ದಡದಲ್ಲಿ ಒಂದು ಆಶ್ರಮ. ಆಶ್ರಮಕ್ಕೆ ಸೇರಿದ ಒಂದು ಶಿಶುವಿಹಾರ. ಅಲ್ಲಿ ಚೆನ್ನಾಜಮ್ಮ ಎಂಬ ಹೆಣ್ಣುಮಗಳು ಹನ್ನೊಂದು ವರ್ಷದಿಂದ ಆಯಾ ಆಗಿದ್ದಳು.

ಮಕ್ಕಳ ಮೂಗು ಒರೆಸುವುದು, ಉಪ್ಪಿಟ್ಟು ತಿನ್ನಿಸುವುದು, ಮಲಗಿಸುವುದು ಅವಳ ಕೆಲಸ. ಟೀಚರು ಬಾರದ ದಿನ ಅಕ್ಷರ ತಿದ್ದಿಸುವುದೂ ಅವಳೇ. ಟೀಚರು ಬಾರದ ದಿನಗಳೇ ಹೆಚ್ಚು, ಅದು ಬೇರೆ ಮಾತು.

ಆ ಟೀಚರು ಜೂನ್‌ಗೆ ಕೆಲಸ ಬಿಡುವವರಿದ್ದರು. ಜಾಗ ಚೆನ್ನಾಜಮ್ಮನಿಗೇ ಎಂದು ಸ್ವಾಮಿಗಳು ಹೇಳಿದ್ದರು. ಆದರೆ ಹತ್ತನೇ ತರಗತಿ ಪಾಸಾಗಿರಬೇಕು, ಅದು ಆಶ್ರಮದ ಕಟ್ಟಳೆ.

ಉಳಿದ ವಿಷಯವೆಲ್ಲ ಆಗಿತ್ತು. ಗಣಿತವೊಂದು ಕಾಲಿಗೆ ಸುತ್ತಿಕೊಂಡಿತ್ತು. ನಾಲ್ಕು ಸಲ ಕಟ್ಟಿದ್ದಳು. ಮೂವತ್ತೊಂದು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತಮೂರು. ಬೇಕಾದದ್ದು ಮೂವತ್ತೈದು.

ಈ ಸಲವೂ ತಪ್ಪಿದರೆ ಜಾಗಕ್ಕೆ ಬೇರೆಯವರು.

ಆಶ್ರಮದ ಹಿಂದಿನ ಕೋಣೆಯಲ್ಲಿ ಸಿದ್ದಮಲ್ಲಪ್ಪ ಮೇಷ್ಟ್ರು ಇದ್ದರು. ಮೂವತ್ತನಾಲ್ಕು ವರ್ಷ ಗಣಿತ ಹೇಳಿ ದಣಿದು, ಇನ್ನು ನದಿ ನೋಡಿಕೊಂಡಿರುತ್ತೇನೆ ಎಂದು ಬಂದವರು. ಲೆಕ್ಕ ಹಿಡಿದುಕೊಂಡು ಬಂದವರನ್ನು ಕಂಡರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದರು.

ಒಂದು ಸಂಜೆ ಅವರು ನದಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಚೆನ್ನಾಜಮ್ಮ ಬಂದು ಕೆಳಗೆ ನಿಂತಳು.

"ನನ್ನ ತಲೆಗೆ ಲೆಕ್ಕ ಹತ್ತಲ್ಲ ಮೇಷ್ಟ್ರೇ. ಬಿಟ್ಟುಬಿಡ್ಲಾ?"

"ಬಿಡು" ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

ಬಹಳ ಹೊತ್ತಿನ ಮೇಲೆ ಕಣ್ಣು ತೆರೆದರೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ಇನ್ನೂ ಹೋಗಲಿಲ್ವಾ?"

"ಕಾಲು ನೋಯ್ತಿದೆ. ಸ್ವಲ್ಪ ಕೂತು ಹೋಗ್ತೀನಿ."

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಹೋದ ಸಲದ ಉತ್ತರ ಪತ್ರಿಕೆಯ ನಕಲು ತರಿಸು, ನೋಡೋಣ ಎಂದರು.

ನಕಲು ಬಂತು. ಮೇಷ್ಟ್ರು ಕನ್ನಡಕ ಏರಿಸಿ ಪುಟ ಪುಟವೂ ಓದಿದರು. ನಾಲ್ಕು ಕಡೆ ಉತ್ತರದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದಿತ್ತು. ಸ್ಕೇಲು ಇಟ್ಟು ಎಳೆದ ಗೆರೆ.

"ಈ ಗೆರೆ ಯಾರದು?"

"ನಂದೇ."

"ಇಡೀ ಪತ್ರಿಕೇಲಿ ಇದೊಂದೇ ನೋಡು ಒಳ್ಳೆ ರೇಖಾಗಣಿತ."

ಚೆನ್ನಾಜಮ್ಮ ತಲೆ ತಗ್ಗಿಸಿದಳು. ಮೇಷ್ಟ್ರು ಗೆರೆಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಎರಡು ಸಂಖ್ಯೆಗಳ ಮೊತ್ತ ಹತ್ತು, ವ್ಯತ್ಯಾಸ ನಾಲ್ಕು. ಏಳು ಮತ್ತು ಮೂರು ಎಂದು ಬರೆದಿದ್ದಳು.

"ಇದು ಸರಿಯಾಗಿದೆ. ಯಾಕೆ ಹೊಡೆದುಹಾಕಿದೆ?"

ಅವಳು ಆ ಸಾಲನ್ನು ನೋಡಿದಳು. ಮೇಷ್ಟ್ರನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಬೇಗ ಬಂದುಬಿಡ್ತು ಮೇಷ್ಟ್ರೇ. ನನಗೆ ಬಂದಿದೆ ಅಂದಮೇಲೆ ಅದು ಸರಿ ಇರುತ್ತಾ ಅನ್ನಿಸ್ತು."

ಮೇಷ್ಟ್ರು ಮಿಕ್ಕ ಮೂರನ್ನೂ ನೋಡಿದರು. ಒಂದು ತಪ್ಪು, ಎರಡು ಸರಿ. ಅಡ್ಡಗೆರೆಯ ಕೆಳಗೆ ಎಂಟು ಅಂಕ ಮಲಗಿದ್ದವು. ಅವಳಿಗೆ ಕಮ್ಮಿಯಾಗಿದ್ದದ್ದು ಎರಡು.

"ಹೊಡೆದುಹಾಕಿದ್ದನ್ನ ಪೇಪರ್ ತಿದ್ದೋರು ಓದಲ್ವಾ?" ಎಂದಳು ಚೆನ್ನಾಜಮ್ಮ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತಾ ಕೂತರು. ಒರೆಸುವಂಥ ಧೂಳೇನೂ ಇರಲಿಲ್ಲ.

"ಬೇರೆಯವರ ಮಾತು ಗೊತ್ತಿಲ್ಲ. ನಾನು ಓದ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೀತಿತ್ತು. ಬರೆದವರೇ ಬೇಡ ಅಂದಮೇಲೆ, ಒಂದು ಪುಟ ಕಮ್ಮಿಯಾಯ್ತಲ್ಲ ಅಂತ ಸಂತೋಷಪಡ್ತಿದ್ದೆ."

ಆಮೇಲೆ ಕೈ ಚಾಚಿದರು. "ಆ ಸ್ಕೇಲು ಕೊಡು."

"ವೃತ್ತಕ್ಕೆ ಸ್ಪರ್ಶಕ ಎಳೆಯೋಕೆ ಬೇಕಲ್ಲ ಮೇಷ್ಟ್ರೇ. ಸ್ಕೇಲಿಲ್ಲದೆ ಹೆಂಗೆ?"

ಅದೂ ನಿಜವೇ. ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು. "ಇಟ್ಟುಕೋ. ಪರೀಕ್ಷೆ ಆದಮೇಲೆ ಕೊಡು."

ಮರುದಿನದಿಂದ ಪಾಠ. ಮಕ್ಕಳನ್ನು ಮನೆಗೆ ಕಳಿಸಿ, ನೆಲ ಸಾರಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಬರುತ್ತಿದ್ದಳು. ಮೇಷ್ಟ್ರು ಒಂದು ಲೆಕ್ಕ ಹೇಳಿಕೊಡುವರು, ಐದು ಕೊಡುವರು. ಅವಳು ಮಾಡಿ ಮುಗಿಸಿದ ಹಾಳೆಯನ್ನು ನೋಡದೆ ಮಡಿಚಿ ಟ್ರಂಕಿಗೆ ಹಾಕುವರು.

"ಸರಿಯಾಗಿದೆಯಾ ಮೇಷ್ಟ್ರೇ?"

"ನಾಳೆ ಬಾ."

ಮರುದಿನವೂ ಅದೇ. ಹದಿನೈದು ದಿನವಾಯಿತು. ಆಯಾಸದ ಮೇಲೆ ಇದೊಂದು ಸಂಕಟ. ಬಡಿಸಿದ ಮೇಲೆ ಉಪ್ಪು ಸಾಕಾ ಎಂದು ಕೇಳಿದರೂ ಮಾತಾಡದ ಗಂಡನ ಹಾಗೆ ಆಡ್ತೀರಲ್ಲ ಎಂದು ಒಂದು ದಿನ ಅಂದೇಬಿಟ್ಟಳು. ಮೇಷ್ಟ್ರಿಗೆ ನಗು ಬಂತು. ಟ್ರಂಕು ಮಾತ್ರ ತೆರೆಯಲಿಲ್ಲ.

"ತಪ್ಪು ಹಾಕೋಕೆ ಬೋರ್ಡಿನವರು ಜನ ಇಟ್ಟಿದ್ದಾರೆ, ಚೆನ್ನಾಜಿ. ಅವರ ಕೆಲಸ ಅವರು ಮಾಡಲಿ. ನಿನ್ನ ಕೆಲಸ ಬರೆಯೋದು."

ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಬರೆದು, ಕೊಟ್ಟು, ಎದ್ದು ಹೋಗುತ್ತಿದ್ದಳು.

ಪರೀಕ್ಷೆಯ ದಿನ ಬಂತು. ಬಿಳಿಕೂದಲು ಎರಡು ಕಾಣುವ ಈ ಹೆಂಗಸು ಬೆಂಚಿನಲ್ಲಿ ಕೂತದ್ದನ್ನು ಕಂಡು ಪಕ್ಕದ ಹುಡುಗಿಯರು ಮೇಡಂ ಎಂದು ಎದ್ದು ನಿಂತರಂತೆ. ಅವಳು ಕೂರಿ ಕೂರಿ ಎಂದಳಂತೆ.

ಬರೆದು ಮುಗಿಸಿದಾಗ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಮೂರನೇ ಪುಟದ ಲೆಕ್ಕ ಬಲು ಸಲೀಸಾಗಿ ಬಂದಿತ್ತು. ಕೈ ತಾನಾಗಿ ಸ್ಕೇಲಿನತ್ತ ಹೋಯಿತು. ಸ್ಕೇಲು ಪುಟದ ಮೂಲೆಗೆ ಬಂದು ಕೂತೇಬಿಟ್ಟಿತು.

ಚೆನ್ನಾಜಮ್ಮ ಎದ್ದಳು. ಪೆನ್ನು, ಪೆನ್ಸಿಲ್ಲು, ಸ್ಕೇಲು ಎಲ್ಲವನ್ನೂ ಒಯ್ದು ಮೇಲ್ವಿಚಾರಕರ ಮೇಜಿನ ಮೇಲಿಟ್ಟಳು.

"ಏನಮ್ಮ, ಇಷ್ಟು ಬೇಗ ಸೋತುಹೋದ್ಯಾ?" ಎಂದರು ಅವರು.

"ಇಲ್ಲ ಸಾರ್. ಕೈ ಸುಮ್ಮನಿರಲ್ಲ, ಅದಕ್ಕೆ."

ಬೆಲ್ಲು ಹೊಡೆಯುವವರೆಗೂ ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಅಡುಗೆಮನೆಯವರೆಲ್ಲ ಕುಣಿದರು. ಚೆನ್ನಾಜಮ್ಮ ಒಂದು ಚೂರು ಬೆಲ್ಲ ಹಿಡಿದು ನದಿಯ ಕಡೆಗೆ ಬಂದಳು. ಹೆಗಲ ಚೀಲದಿಂದ ಸ್ಕೇಲು ಹೊರಗೆ ಇಣುಕುತ್ತಿತ್ತು.

ಮೇಷ್ಟ್ರಿಗೆ ಬೆಲ್ಲ ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಮುಖದಲ್ಲಿ ಹಿಗ್ಗಿರಲಿಲ್ಲ. ಹನ್ನೊಂದು ವರ್ಷದ ದಣಿವು ಒಟ್ಟಿಗೆ ಬಂದು ಕೂತ ಹಾಗಿತ್ತು.

"ಎಷ್ಟು?"

"ಮೂವತ್ತಾರು."

ಮೇಷ್ಟ್ರು ಬೆಲ್ಲ ಬಾಯಿಗೆ ಹಾಕಿಕೊಂಡರು.

"ಯಾರೋ ಪುಣ್ಯಾತ್ಮರು ಅಯ್ಯೋ ಪಾಪ ಅಂತ ಹಾಕಿರಬೇಕು ಮೇಷ್ಟ್ರೇ. ನನಗೆಲ್ಲಿ ಬರುತ್ತೆ ಮೂವತ್ತಾರು? ನಾಳೆ ಮಕ್ಕಳ ಮುಂದೆ ಟೀಚರ್ ಅಂತ ನಿಂತುಕೊಳ್ಳೋಕೆ ಸಂಕೋಚ. ಬೇರೆ ಯಾರನ್ನಾದರೂ ತಗೊಳ್ಳಿ ಅಂತ ಸ್ವಾಮಿಗಳ ಹತ್ತಿರ ಹೇಳಿಬಿಡೋಣ ಅಂತಿದೀನಿ."

ಮೇಷ್ಟ್ರು ಬೆಲ್ಲ ಕರಗುವವರೆಗೆ ನದಿ ನೋಡಿದರು. ಆಮೇಲೆ ಅವಳ ಕಡೆ ತಿರುಗಿ ಕೈ ಚಾಚಿದರು.

"ಆ ಸ್ಕೇಲು ಇತ್ತ ಕೊಡಿ, ಟೀಚರೇ."