ಹಗ್ಗ ಹಿಡಿದ ಏಡಿಯ ಪಾಲು

ಲೋಕ ಆಗಷ್ಟೇ ಹುಟ್ಟಿ ಕಣ್ಣುಜ್ಜಿಕೊಳ್ಳುತ್ತಿದ್ದ ಕಾಲ ಅದು. ಗುಡ್ಡಗಳೆಲ್ಲ ಯಾರು ಎಲ್ಲಿ ಕೂರಬೇಕು ಎಂದು ಇನ್ನೂ ಜಗಳಾಡುತ್ತಿದ್ದವು. ಕಾಳಿ ನದಿ ಆಗ ಚಿಕ್ಕ ಹುಡುಗಿ. ಘಟ್ಟ ಇಳಿದು ಓಡಿ ಬಂದವಳು ಮೊದಲ ಸಲ ಕಡಲನ್ನು ಕಂಡು, "ಅಬ್ಬಬ್ಬಾ! ಇಷ್ಟು ನೀರು ಯಾರು ತಂದು ಸುರಿದದ್ದು ಮಾರಾಯ್ರೇ?" ಎಂದು ಬಾಯಿ ಬಿಟ್ಟಳು. ಬಿಟ್ಟ ಬಾಯಿ ಇವತ್ತಿಗೂ ಮುಚ್ಚಿಲ್ಲ. ನಂಬಿಕೆ ಇಲ್ಲದಿದ್ದರೆ ಹೋಗಿ ನೋಡಿ ಬನ್ನಿ.

ಆಗ ಕಾರವಾರ ಅನ್ನುವ ಊರೇ ಇರಲಿಲ್ಲ ಮಕ್ಕಳೇ. ಪೇಟೆ ಇಲ್ಲ, ಬಂದರ ಇಲ್ಲ, ದೀಪದ ಕಂಬ ಇಲ್ಲ. ಕುಡುಗೋಲಿನ ಹಾಗೆ ಬಾಗಿದ ಉದ್ದನೆಯ ಮರಳು, ಅದರ ಅಂಚಿಗೆ ತೆಂಗಿನ ಮಡಲು ಹೊದಿಸಿದ ಒಂದಿಷ್ಟು ಗುಡಿಸಲು. ಅಲ್ಲಿದ್ದವರೆಲ್ಲ ಪುರ್ಸು ತಾಂಡೇಲನ ಮನೆಯವರೇ. ತಾಂಡೇಲ ಅಂದರೆ ದೋಣಿ ನಡೆಸುವ ಯಜಮಾನ. ಒಳ್ಳೆಯವನೇ, ಆದರೆ ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ. ಅವನನ್ನು ಗದರಿಸುವ ಧೈರ್ಯ ಇದ್ದದ್ದು ಅವನ ಅಕ್ಕ ಮಾಣಕಿಗೆ ಒಬ್ಬಳಿಗೇ.

ಅದೇ ಮರಳಿನಲ್ಲಿ ಒಬ್ಬ ಏಡಿಯಣ್ಣ ಇದ್ದ. ಆಗಿನ ಏಡಿ ಈಗಿನ ಹಾಗಲ್ಲ, ನೆಟ್ಟಗೆ ನಡೆಯುತ್ತಿತ್ತು! ಎದೆ ಮುಂದೆ ಮಾಡಿ, ಕಣ್ಣು ಮೇಲೆತ್ತಿ, ದಿಬ್ಬಣದ ಹಿರಿಯನ ಗತ್ತಿನಲ್ಲಿ ನೆಟ್ಟಗೆ.

ನಡಿಗೆ ಏನೋ ನೆಟ್ಟಗಿತ್ತು, ಆದರೆ ನಡೆದು ಹೋಗುವುದಕ್ಕೆ ತನ್ನದು ಅನ್ನುವ ಜಾಗ ಇರಲಿಲ್ಲ ಪಾಪ.

ಕಡಲಿನ ಹತ್ತಿರ ಹೋದರೆ ಕಡಲು ಹೇಳುತ್ತಿತ್ತು, "ನೀನು ಮರಳಿನಲ್ಲಿ ಓಡಾಡುವವ. ನೆಲಕ್ಕೆ ಹೋಗೋ."

ನೆಲದ ಹತ್ತಿರ ಹೋದರೆ ನೆಲ ಹೇಳುತ್ತಿತ್ತು, "ಮೈಯೆಲ್ಲ ಒದ್ದೆ, ಉಪ್ಪು ವಾಸನೆ. ಕಡಲಿಗೆ ಹೋಗೋ."

ನಡುವೆ ಮರಳಿನಲ್ಲಿ ಒಂದು ಗೂಡು ತೋಡಿಕೊಂಡರೆ ಪುರ್ಸು ತಾಂಡೇಲ ಬಂದು ಹಿಮ್ಮಡಿಯಿಂದ ಒತ್ತಿ ಮುಚ್ಚುತ್ತಿದ್ದ. "ಇದು ನಮ್ಮ ಬಲೆ ಒಣಗಿಸುವ ಜಾಗ. ನೀನು ಯಾರ ಪೈಕಿ? ಯಾವ ಊರವ? ನಡಿ ನಡಿ."

ಯಾರ ಪೈಕಿ ಎಂದು ಕೇಳಿದರೆ ಏಡಿಯಣ್ಣ ಏನು ಹೇಳಬೇಕು? ಅವನಿಗೇ ಗೊತ್ತಿರಲಿಲ್ಲ. ತೆರೆ ಬಂದು ಹೋಗುವ ಒದ್ದೆ ಪಟ್ಟಿಯಲ್ಲಿ ಕೂತು ಕಾಳಿ ನದಿಯ ಹತ್ತಿರ ಹೇಳಿಕೊಳ್ಳುತ್ತಿದ್ದ. "ನನಗೆ ದೊಡ್ಡ ಆಸೆ ಏನಿಲ್ಲ ತಂಗೀ. ಈ ದಂಡೆಯಲ್ಲಿ ಒಂದು ಗೂಡು. 'ಇವ ನಮ್ಮವ' ಅಂತ ಯಾರಾದರೂ ಒಬ್ಬರು ಹೇಳಿದರೆ ಸಾಕು."

"ನಾನೂ ಹೊಸಬಳೇ ಅಣ್ಣಾ," ಎನ್ನುತ್ತಿದ್ದಳು ಕಾಳಿ. "ನೋಡೋಣ, ತಾಳು."

ಆ ವರ್ಷ ಮಳೆಗಾಲ ಮುಗಿದರೂ ಮೀನು ಬರಲಿಲ್ಲ. ದೋಣಿ ಹೋಯಿತು, ಖಾಲಿ ಬಂತು. ಮತ್ತೆ ಹೋಯಿತು, ಮತ್ತೆ ಖಾಲಿ ಬಂತು. ಗುಡಿಸಲುಗಳಲ್ಲಿ ಗಂಜಿ ತೆಳ್ಳಗಾಗುತ್ತಾ ಆಗುತ್ತಾ ಬರೀ ಬಿಸಿನೀರಾಯಿತು. ಮಕ್ಕಳು ಅಳುವುದನ್ನೂ ಬಿಟ್ಟು ಸುಮ್ಮನೆ ಕೂತಿರುತ್ತಿದ್ದವು. ಮಾಣಕಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಾಳಿ ಏದುಸಿರು ಬಿಡುತ್ತಾ ಓಡಿ ಬಂತು. "ಬಂಗಡೆ! ಬಂಗಡೆ ಮೀನಿನ ಹಿಂಡು ಕೊಲ್ಲಿಯ ಒಳಗೇ ಬಂದಿದೆ! ನೀರು ಕಪ್ಪಾಗಿದೆ ನೋಡಿ! ಬೇಗ, ಬೇಗ!"

ಪುರ್ಸು ತಾಂಡೇಲ ಕೂತಲ್ಲಿಂದ ಹಾರಿ ಎದ್ದ. ರಂಪಣಿ ಬಲೆಯನ್ನು ದೋಣಿಗೆ ತುಂಬಿದರು. ರಂಪಣಿ ಅಂದರೆ ಸಣ್ಣಪುಟ್ಟ ಬಲೆಯಲ್ಲ ಮಕ್ಕಳೇ. ಅದರ ಒಂದು ಕೊನೆಯ ಹಗ್ಗವನ್ನು ದಂಡೆಯಲ್ಲೇ ಬಿಟ್ಟು, ದೋಣಿಯಲ್ಲಿ ಬಲೆ ಇಳಿಸುತ್ತಾ ಮೀನಿನ ಹಿಂಡನ್ನು ಸುತ್ತಿಕೊಂಡು, ಇನ್ನೊಂದು ಕೊನೆಯ ಹಗ್ಗವನ್ನು ದೂರದಲ್ಲಿ ದಂಡೆಗೇ ತಂದುಕೊಡುತ್ತಾರೆ. ಆಮೇಲೆ ಆ ಹಗ್ಗಕ್ಕೊಂದು ಸಾಲು ಜನ, ಈ ಹಗ್ಗಕ್ಕೊಂದು ಸಾಲು ಜನ. ಮುಖ ಕಡಲಿನ ಕಡೆಗೆ. ಎಳೆಯುತ್ತಾ ಎಳೆಯುತ್ತಾ ಅಡ್ಡಡ್ಡ ಹೆಜ್ಜೆ ಇಟ್ಟು ಎರಡೂ ಸಾಲಿನವರು ಒಬ್ಬರ ಹತ್ತಿರ ಒಬ್ಬರು ಸರಿಯಬೇಕು. ಆಗ ಬಲೆಯ ಬಾಯಿ ಮುಚ್ಚುತ್ತದೆ.

ಬಲೆಯಂತೂ ಬಿತ್ತು. ಹಿಂಡಂತೂ ಸಿಕ್ಕಿತು. ಎಳೆಯಲು ಜನ ಎಲ್ಲಿ? ಮನೆಯವರೆಲ್ಲ ಸೇರಿದರೂ ಎರಡು ಹಗ್ಗಕ್ಕೆ ಸಾಲದು, ಅದರ ಮೇಲೆ ಹಸಿದ ಮೈ. ಹಗ್ಗ ಅವರನ್ನೇ ಕಡಲಿಗೆ ಎಳೆಯತೊಡಗಿತು.

ಅಷ್ಟರಲ್ಲಿ ಗೋಕರ್ಣದ ಕಡೆಯಿಂದ ಉಪ್ಪಿನ ಬುಟ್ಟಿ ಹೊತ್ತುಕೊಂಡು ಹಮ್ಮಣ್ಣ ಎಂಬವನೊಬ್ಬ ದಂಡೆಯಲ್ಲಿ ಬರುತ್ತಿದ್ದ. ಘಟ್ಟದ ಮೇಲಿನಿಂದ ಎತ್ತಿನ ಮೇಲೆ ಮೆಣಸು ಹೇರಿಕೊಂಡು ಕೆರಿಯಪ್ಪ ಎಂಬವನೊಬ್ಬ ಇಳಿದು ಬಂದಿದ್ದ. ತೆಂಗಿನ ಮರದ ಕೆಳಗೆ ಇನ್ನೊಬ್ಬ ಕೂತಿದ್ದ. ಅವನ ದೋಣಿ ಒಡೆದು ಅಲೆಗಳೇ ಅವನನ್ನು ತಂದು ಹಾಕಿದ್ದವು. ಹೆಸರು ಕೇಳಿದರೆ ಏನೋ ಹೇಳಿದ್ದ, ಯಾರ ನಾಲಿಗೆಗೂ ಹತ್ತಲಿಲ್ಲ. ಅದಕ್ಕೇ ಎಲ್ಲರೂ ಅವನನ್ನು 'ದೂರದವ' ಎನ್ನುತ್ತಿದ್ದರು.

ಮಾಣಕಿ ಹಗ್ಗ ಬಿಡದೆ ಕೂಗಿದಳು, "ಏನು ನೋಡ್ತಾ ನಿಂತಿದ್ದೀರೋ! ಬನ್ನಿ, ಕೈ ಹಚ್ಚಿ!"

"ಅಕ್ಕಾ, ಹೊರಗಿನವರನ್ನು ಕರೀಬೇಡ," ಎಂದು ಅತ್ತ ಹಗ್ಗದಿಂದ ಪುರ್ಸು ಕಿರುಚಿದ. "ಆಮೇಲೆ ಪಾಲು ಕೇಳ್ತಾರೆ!"

"ಬಲೆಯೇ ಹೋದರೆ ಪಾಲು ಎಲ್ಲಿಯದೋ ಪೆದ್ದಾ? ಬಾಯಿ ಮುಚ್ಚಿ ಎಳಿ!"

ಹಮ್ಮಣ್ಣ ಬುಟ್ಟಿ ಇಳಿಸಿದ. ಕೆರಿಯಪ್ಪ ಎತ್ತು ಕಟ್ಟಿದ. ದೂರದವನಿಗೆ ಮಾತು ತಿಳಿಯಲಿಲ್ಲ, ಆದರೆ ಹಗ್ಗ ತಿಳಿಯಿತು. ಅವನೂ ಓಡಿ ಬಂದ.

ಒದ್ದೆ ಪಟ್ಟಿಯಲ್ಲಿ ಕೂತಿದ್ದ ಏಡಿಯಣ್ಣ ಮೆಲ್ಲಗೆ ಕೇಳಿದ, "ಅಕ್ಕಾ, ನಾನೂ ಬರಲಾ?"

"ಕೇಳುವ ಹೊತ್ತೇನೋ ಇದು? ಬಾ ಮಾರಾಯಾ!"

ಏಡಿಯಣ್ಣ ನೆಟ್ಟಗೆ ನಡೆದು ಹೋಗಿ ಇಕ್ಕಳದಂಥ ಎರಡೂ ಕೈಯಲ್ಲಿ ಹಗ್ಗ ಕಚ್ಚಿ ಹಿಡಿದ. "ಐಸಾ... ಐಲೇಸಾ!" ಎಂದರು ಎಲ್ಲರೂ. ಎಲ್ಲರೂ ಅಡ್ಡ ಹೆಜ್ಜೆ ಇಟ್ಟರೆ ಇವನೊಬ್ಬ ನೆಟ್ಟಗೆ ಹಿಂದಕ್ಕೆ ಹೋಗಿ ಮಾಣಕಿಯ ಕಾಲಿಗೆ ಸಿಕ್ಕಿದ. "ಅಡ್ಡಕ್ಕೆ ಬಾರೋ, ಅಡ್ಡಕ್ಕೆ! ಒಬ್ಬನೇ ನೆಟ್ಟಗೆ ಹೋಗಿ ಏನು ಮಾಡ್ತೀ? ನಮ್ಮ ಸಂಗಡ ಬಾ!"

ನಮ್ಮ ಸಂಗಡ! ಆ ಮಾತು ಕೇಳಿ ಏಡಿಯಣ್ಣನಿಗೆ ಎಲ್ಲಿಲ್ಲದ ಖುಷಿಯಾಯಿತು. ಇದ್ದಬದ್ದ ಕಾಲನ್ನೆಲ್ಲ ಪಕ್ಕಕ್ಕೆ ತಿರುಗಿಸಿದ. ಐಸಾ, ಒಂದು ಅಡ್ಡ ಹೆಜ್ಜೆ. ಐಲೇಸಾ, ಇನ್ನೊಂದು ಅಡ್ಡ ಹೆಜ್ಜೆ.

ಬಲೆ ಅರ್ಧ ದಾರಿಗೆ ಬಂದಾಗ ಕಡಲು ಒಂದು ದೊಡ್ಡ ತೆರೆಯನ್ನು ಕಳಿಸಿತು. ಎಲ್ಲರ ಕಾಲೂ ಜಾರಿತು. ಮಾಣಕಿ ಬಿದ್ದಳು, ಹಮ್ಮಣ್ಣ ಬಿದ್ದ, ಕೆರಿಯಪ್ಪ ಅವನ ಮೇಲೆ ಬಿದ್ದ. ಹಗ್ಗ ಸರ್ರನೆ ಕಡಲಿಗೆ ಓಡತೊಡಗಿತು. "ಹೋಯ್ತು, ಹೋಯ್ತು!" ಎಂದು ಪುರ್ಸು ತಲೆ ಚಚ್ಚಿಕೊಂಡ.

ಹೋಗಲಿಲ್ಲ. ಹಗ್ಗ ನಿಂತಿತು.

ಏಡಿಯಣ್ಣ ಕಾಲುಗಳನ್ನೆಲ್ಲ ಮರಳಿಗೆ ಊರಿ, ಸರಸರ ತೋಡಿಕೊಂಡು, ಕುತ್ತಿಗೆಯವರೆಗೆ ಹುಗಿದುಕೊಂಡುಬಿಟ್ಟಿದ್ದ. ಏಡಿಗೆ ಕುತ್ತಿಗೆ ಎಲ್ಲಿದೆ ಎಂದು ಕೇಳಬೇಡಿ, ಕಥೆ ಕೇಳಿ. ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು, ಎರಡು ಕೈ, ಕೈಯಲ್ಲಿ ಹಗ್ಗ. ಕೈ ಕಿತ್ತು ಬರುತ್ತದೇನೋ ಅನ್ನುವಷ್ಟು ನೋವು. ಆದರೂ ಬಿಡಲಿಲ್ಲ. ಎಲ್ಲರೂ ಎದ್ದು ಮತ್ತೆ ಹಗ್ಗ ಹಿಡಿಯುವವರೆಗೂ ಬಿಡಲಿಲ್ಲ.

ಬಲೆ ದಂಡೆಗೆ ಬಂತು ನೋಡಿ, ಮರಳೆಲ್ಲ ಬೆಳ್ಳಗೆ ಮಿಣಮಿಣ! ರಾಶಿ ರಾಶಿ ಬಂಗಡೆ. ಮಕ್ಕಳು ಕೇಕೆ ಹಾಕಿದವು. ಮಾಣಕಿ ಕೂತು ಅತ್ತೇಬಿಟ್ಟಳು, ಸಂತೋಷಕ್ಕೆ.

ಈಗ ಪಾಲು ಹಾಕಬೇಕು. ಅದಕ್ಕೊಂದು ಕ್ರಮ ಇತ್ತು. ಯಜಮಾನ ಮರಳಿನ ಮೇಲೆ ಮೀನನ್ನು ಸಮಸಮ ಗುಡ್ಡೆ ಮಾಡುತ್ತಾನೆ. ಇನ್ನೊಬ್ಬರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಯಜಮಾನ ಒಂದು ಗುಡ್ಡೆ ಮುಟ್ಟಿ, "ಇದು ಯಾರಿಗೆ?" ಎನ್ನುತ್ತಾನೆ. ಬೆನ್ನು ತಿರುಗಿಸಿದವರು ನೋಡದೆ ಒಂದು ಹೆಸರು ಹೇಳುತ್ತಾರೆ. ಯಾವ ಗುಡ್ಡೆ ಯಾರದು ಎಂದು ಜಗಳವೇ ಇಲ್ಲ. ಒಮ್ಮೆ ಹೆಸರು ಹೇಳಿದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಿಸುವ ಹಾಗಿಲ್ಲ.

ಮಾಣಕಿ ನದಿಯ ಕಡೆಗೆ ಮುಖ ಮಾಡಿ ನಿಂತಳು. ಪುರ್ಸು ಗುಡ್ಡೆ ಹಾಕಿದ. ಹೊರಗಿನ ಮೂವರಿಗೂ ಗೊಣಗುತ್ತಾ ಹಾಕಿದ, ಅಕ್ಕನ ಹೆದರಿಕೆ. ಏಡಿಗೆ ಮಾತ್ರ ಹಾಕಲಿಲ್ಲ. "ಏಡಿಗೂ ಪಾಲಾ? ಇವತ್ತು ಏಡಿಗೆ ಕೊಟ್ಟರೆ ನಾಳೆ ಕಾಗೆ ಕೇಳ್ತದೆ, ನಾಡಿದ್ದು ನಾಯಿ ಕೇಳ್ತದೆ," ಎಂದುಕೊಂಡ. ಮೀನು ಅಷ್ಟು ಇತ್ತು, ಮನಸ್ಸು ಮಾತ್ರ ಇಷ್ಟೇ!

ಏಡಿಯಣ್ಣ ದೂರದಲ್ಲಿ ನಿಂತು ನೋಡುತ್ತಿದ್ದ. ಹಸಿವಿತ್ತು, ಆದರೆ ಅವನಿಗೆ ಮೀನಿನ ಚಿಂತೆ ಅಷ್ಟಾಗಿ ಇರಲಿಲ್ಲ. ತನ್ನ ಹೆಸರು ಬರುತ್ತದೋ ಇಲ್ಲವೋ ಅನ್ನುವುದೇ ಚಿಂತೆ. ಹೆಸರು ಬಂದರೆ ತಾನು ಈ ದಂಡೆಯವ. ಬಾರದಿದ್ದರೆ ಯಾರ ಪೈಕಿಯೂ ಅಲ್ಲ.

"ಇದು ಯಾರಿಗೆ?"

"ಹಮ್ಮಣ್ಣನಿಗೆ."

"ಇದು ಯಾರಿಗೆ?"

"ದೂರದವನಿಗೆ. ಪಾಪ, ಒಂದು ಒಳ್ಳೆ ಊಟ ಆಗಲಿ."

ಹೀಗೆ ಹೆಸರು ಹೇಳುತ್ತಾ ಬಂದಳು. ಏಡಿಯಣ್ಣನ ಕಣ್ಣುಗಳು ಕಡ್ಡಿಯ ಹಾಗೆ ಮೇಲಕ್ಕೆ ನಿಂತಿದ್ದವು.

"ಇದು ಯಾರಿಗೆ?"

"ಏಡಿಯಣ್ಣನಿಗೆ."

ಪುರ್ಸುವಿನ ಕೈ ಗುಡ್ಡೆಯ ಮೇಲೆಯೇ ನಿಂತಿತು. ಏನು ಮಾಡುತ್ತಾನೆ? ಕ್ರಮ ಅಂದರೆ ಕ್ರಮ. ಹಲ್ಲು ಕಚ್ಚಿ ಮುಂದಿನ ಗುಡ್ಡೆಗೆ ಹೋದ. ಹಾಗೇ ಹೋಗಿ ಹೋಗಿ ಕೊನೆಯ ಗುಡ್ಡೆಯೂ ಕೆರಿಯಪ್ಪನಿಗೆ ಹೋಯಿತು.

ಮಾಣಕಿ ತಿರುಗದೆಯೇ ಹೇಳಿದಳು, "ಇನ್ನು ಉಳಿದದ್ದು ನಿನ್ನದು ಪುರ್ಸು, ತಗೋ."

ಉಳಿದದ್ದು ಬರೀ ಮರಳು. ಏಡಿಗೆಂದು ತೋಡಿದ ಗುಂಡಿಗೆ ತಾಂಡೇಲ ತಾನೇ ಬಿದ್ದಿದ್ದ! ಮಾಣಕಿ ತಿರುಗಿ ನೋಡಿದಳು. ಒಮ್ಮೆ ಗುಡ್ಡೆಗಳನ್ನು ನೋಡಿದಳು, ಒಮ್ಮೆ ತಮ್ಮನ ಮುಖ ನೋಡಿದಳು, ಎಲ್ಲ ಅರ್ಥವಾಯಿತು.

"ಥೂ, ನಿನ್ನ!" ಎಂದಳು. "ಆ ಜೀವ ಕೈ ಹರಿಯುವ ಹಾಗೆ ಹಗ್ಗ ಹಿಡಿದದ್ದು ನಿನಗೆ ಕಾಣಲಿಲ್ಲವಾ?"

ಪುರ್ಸು ತಲೆ ತಗ್ಗಿಸಿದ. ಬಲೆ ಅವನದು, ದೋಣಿ ಅವನದು, ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದೆ ದುಡಿದಿದ್ದ. ಪಾಲು ಮಾತ್ರ ಇಲ್ಲ. ಪಾಲಿಲ್ಲದೆ ಎಲ್ಲರ ನಡುವೆ ನಿಲ್ಲುವುದು ಹೇಗಿರುತ್ತದೆ ಎಂದು ಅವನಿಗೆ ಆಗ ಗೊತ್ತಾಯಿತು. ಕಾಲಿನ ಕೆಳಗಿನ ಮರಳೂ ತನ್ನದಲ್ಲ ಅನ್ನಿಸಿತು.

ಯಾರೂ ನಗಲಿಲ್ಲ. ಆಗ ಏಡಿಯಣ್ಣ ತನ್ನ ಗುಡ್ಡೆಯಿಂದ ಒಂದು ದೊಡ್ಡ ಬಂಗಡೆ ಎತ್ತಿಕೊಂಡ. ಅದು ಅವನಿಗಿಂತ ಉದ್ದ. ಎಳೆಯುತ್ತಾ, ಅಡ್ಡಡ್ಡ ಹೆಜ್ಜೆ ಇಡುತ್ತಾ ಬಂದು ಪುರ್ಸುವಿನ ಪಾದದ ಹತ್ತಿರ ಇಟ್ಟ.

"ತಾಂಡೇಲರೇ, ನೀವೂ ಹಗ್ಗ ಹಿಡಿದಿದ್ದಿರಿ. ನಾನು ನೋಡಿದ್ದೇನೆ," ಎಂದ.

ಮತ್ತೆ ಹೋಗಿ ಇನ್ನೊಂದು ತಂದ. ಅದನ್ನು ಕಂಡು ದೂರದವ ತನ್ನ ಗುಡ್ಡೆಯಿಂದ ಒಂದು ತಂದಿಟ್ಟ. ಹಮ್ಮಣ್ಣ ಎರಡು ತಂದಿಟ್ಟ, ಮೇಲೆ ಒಂದು ಹಿಡಿ ಉಪ್ಪನ್ನೂ ಇಟ್ಟ. ಕೆರಿಯಪ್ಪ ಇಟ್ಟ. ಮಾಣಕಿಯೂ ಇಟ್ಟಳು, ಬೈಯುತ್ತಲೇ ಇಟ್ಟಳು. ನೋಡನೋಡುತ್ತಾ ಎಲ್ಲರದಕ್ಕಿಂತ ದೊಡ್ಡ ಗುಡ್ಡೆ ತಾಂಡೇಲನದೇ ಆಯಿತು.

ಪುರ್ಸು ತಾಂಡೇಲ ಮರಳಿನಲ್ಲಿ ಕುಕ್ಕರಿಸಿ ಕೂತ. ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ತಪ್ಪಾಯ್ತೋ ಏಡಿಯಣ್ಣಾ," ಎಂದ. "ಎಲ್ಲರೂ ಕೇಳಿ. ಇವತ್ತಿನಿಂದ ಈ ದಂಡೆಯಲ್ಲಿ ಯಾರ ಪೈಕಿ, ಯಾವ ಊರು ಅಂತ ಯಾರೂ ಕೇಳಬಾರದು. ಹಗ್ಗಕ್ಕೆ ಕೈ ಹಚ್ಚಿದವನಿಗೆ ಪಾಲು ಉಂಟು."

"ಹಾಗಾದರೆ ನಾನು ಇಲ್ಲೇ ಒಂದು ಗೂಡು ತೋಡಿಕೊಳ್ಳಲಾ?" ಎಂದು ಏಡಿಯಣ್ಣ ಹೆದರುತ್ತಾ ಕೇಳಿದ.

"ಒಂದು ಯಾಕೋ? ದಂಡೆ ಪೂರ್ತಿ ತೋಡು! ನೀನು ನಮ್ಮವ."

ಕಾಳಿ ನದಿ ಖುಷಿಗೆ ದಂಡೆ ಮೀರಿ ಉಕ್ಕಿದಳು. ಕಡಲೂ ತೆರೆಯನ್ನು ಮೆತ್ತಗೆ ಕಳಿಸಿ ಏಡಿಯಣ್ಣನ ಬೆನ್ನು ತೊಳೆಯಿತು.

ಆ ಮಾತು ಗಾಳಿಗೆ ಸಿಕ್ಕಿತು. ಗಾಳಿಯ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಘಟ್ಟಕ್ಕೂ ಹೋಯಿತು, ಕಡಲಿನ ಆಚೆಗೂ ಹೋಯಿತು. ಉಪ್ಪಿನವರು ಬಂದರು, ಮೆಣಸಿನವರು ಬಂದರು, ಬಟ್ಟೆ ನೇಯುವವರು ಬಂದರು, ಹಾಯಿ ಹಡಗಿನವರು ಬಂದರು. ಕೊಂಕಣಿ ಬಂತು, ಕನ್ನಡ ಬಂತು, ಇನ್ನೂ ಏನೇನೋ ಬಂತು. ಗುಡಿಸಲು ಓಣಿಯಾಯಿತು, ಓಣಿ ಪೇಟೆಯಾಯಿತು, ಪೇಟೆ ಬಂದರವಾಯಿತು. ಗುಡಿಯ ಗಂಟೆ, ಮಸೀದಿಯ ಕರೆ, ಇಗರ್ಜಿಯ ಗಂಟೆ ಎಲ್ಲ ಒಂದೇ ಗಾಳಿಯಲ್ಲಿ ಕೂಡಿ ಬರತೊಡಗಿತು. ಎಂಥ ಚಂದದ ಊರು ಅಂತೀರಿ! ಬೆನ್ನಿಗೆ ಗುಡ್ಡ, ಮಗ್ಗುಲಿಗೆ ನದಿ, ಮುಂದೆ ಕಡಲು, ಬಂದವರಿಗೆಲ್ಲ ಜಾಗ.

ಏಡಿಯಣ್ಣನ ಕಥೆ ಏನಾಯಿತು? ಮರುದಿನ ಎದ್ದು ಹಳೆಯ ಗತ್ತಿನಲ್ಲಿ ನೆಟ್ಟಗೆ ನಡೆಯಲು ಹೋದ, ಆಗಲಿಲ್ಲ. ಹಗ್ಗ ಎಳೆದೂ ಎಳೆದೂ ಕಾಲು ಅಡ್ಡಕ್ಕೇ ಕೂತುಬಿಟ್ಟಿತ್ತು. "ಅಯ್ಯೋ, ನಿನ್ನ ನೆಟ್ಟನೆಯ ನಡಿಗೆ ಹೋಯ್ತಲ್ಲ!" ಎಂದು ಕಾಳಿ ಮರುಗಿದಳು. "ಹೋಗಲಿ ಬಿಡು ತಂಗೀ," ಎಂದ ಅವನು, "ನೆಟ್ಟಗೆ ಹೋಗುವಾಗ ಒಬ್ಬನೇ ಇದ್ದೆ."

ಆದರೆ ಒಂದು ಭಯ ಮಾತ್ರ ಅವನನ್ನು ಬಿಡಲಿಲ್ಲ. ನಾಳೆ ಬರುವವರು ಎಷ್ಟು ಜನವೋ, ಎಲ್ಲಿಂದ ಬರುತ್ತಾರೋ, ಯಾರಾದರೂ ಒಬ್ಬರಿಗೆ ಗುಡ್ಡೆ ಕಡಿಮೆ ಬಿದ್ದರೆ? ಅದಕ್ಕೆ ನೀರು ಇಳಿದ ಕೂಡಲೇ ಗೂಡಿನಿಂದ ಹೊರಗೆ ಬಂದು, ಅಡ್ಡಡ್ಡ ಓಡಾಡಿ, ಮರಳನ್ನು ಉಂಡೆ ಕಟ್ಟಿ ಕಟ್ಟಿ ಸಾಲಾಗಿ ಇಡತೊಡಗಿದ. ತೆರೆ ಬಂದು ಅಳಿಸಿದರೆ ಮತ್ತೆ ಇಡುತ್ತಾನೆ. ಅವನ ಮಕ್ಕಳೂ ಇಡುತ್ತಾರೆ, ಮೊಮ್ಮಕ್ಕಳೂ ಇಡುತ್ತಾರೆ.

ಅದಕ್ಕೇ ಮಕ್ಕಳೇ, ಇವತ್ತಿಗೂ ಏಡಿ ಅಡ್ಡಡ್ಡ ನಡೆಯುತ್ತದೆ, ನೀರು ಇಳಿದ ಮರಳಿನ ತುಂಬ ಪುಟ್ಟ ಪುಟ್ಟ ಉಂಡೆಗಳ ಸಾಲು ಇರುತ್ತದೆ; ದಂಡೆಗೆ ಹೋದಾಗ ನೋಡಿಕೊಂಡು ಕಾಲಿಡಿ, ಅದರಲ್ಲಿ ಒಂದು ನಿಮ್ಮ ಪಾಲಿನದು.