ಕೊಟ್ರೇಶಿಯ ಮುಖಕ್ಕೆ ಬೆಳಕು ಬಿಟ್ಟದ್ದು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹಾಲವ್ವ ಅಂತ ಒಬ್ಬಳಿದ್ದಳು. ಅವಳಿಗೆ ಕೊಟ್ರೇಶಿ ಅಂತ ಒಬ್ಬನೇ ಮಗ. ಒಬ್ಬನೇ ಆಗಿದ್ದು ಓಣಿಯವರ ಪುಣ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಅವನು. ಅಂಥವನನ್ನು ಸಾಕುವುದು ಎಷ್ಟು ಕಷ್ಟ ಅಂತ ಸಾಕಿದವರಿಗೇ ಗೊತ್ತು.

ಭಟ್ಟಿಯ ಬೆಂಕಿ ಮುಂದೆ ನಿಂತು ನಿಂತು ಅವನ ಕೆನ್ನೆ ಕೆಂಪಗಾಗಿತ್ತು. ಭತ್ತ ಒಣಹಾಕುವ ಬಿಸಿಲಿಗೆ ಅದರ ಮೇಲೆ ಕಂದು ಕಲೆಗಳೂ ಎದ್ದಿದ್ದವು. ಹರಪನಹಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗಿ ಗಂಗಾಂಬಿಕೆ ಒಳ್ಳೆಯವಳು, ಮನೆತನವೂ ಒಳ್ಳೆಯದು. ಮಗನ ಬಾಯಿ ಬಿಡಿಸದೆ ಎಲ್ಲಾ ಮಾತನ್ನೂ ಹಾಲವ್ವ ತಾನೇ ಆಡಿ ಮುಗಿಸಿದಳು. ಹುಡುಗಿಯ ತಂದೆ ಒಂದೇ ಮಾತು ಹೇಳಿದ: "ಹುಡುಗನ ಮುಖ ತಿಳಿಯಾಗ್ಲಿ, ಲಗ್ನ ಇಟ್ಕೊಳ್ಳಾಣ." ಅವನ ಕಣ್ಣಿಗೆ ಬಿದ್ದ ದೋಷ ಅದೊಂದೇ. ಈ ಸಂಬಂಧ ತಪ್ಪಿದರೆ ಕೊಟ್ರೇಶಿಗೆ ಇನ್ಯಾರೂ ಹೆಣ್ಣು ಕೊಡುವುದಿಲ್ಲ ಅಂತ ಹಾಲವ್ವನಿಗೆ ಗೊತ್ತಿತ್ತು. ಮಗನನ್ನು ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ನೋಡಿ, "ಮಷೀನಿನಿಂದ ಮುಖಕ್ಕೆ ಬೆಳಕು ಬಿಡ್ತೀವಿ. ಕೆಂಪು ನಿಧಾನಕ್ಕೆ ಇಳಿಯುತ್ತೆ. ಕಲೆ ಮೊದಲು ಕಪ್ಪಾಗಿ ಆಮೇಲೆ ಉದುರುತ್ತೆ. ನಾಲ್ಕಾರು ಸಲ ಬರಬೇಕಾಗುತ್ತೆ. ಅಲ್ಲೀವರೆಗೆ ಮುಖದ ಮೇಲೆ ಬಿಸಿಲು ಬೀಳಬಾರದು" ಅಂದರು.

ಬೀಳಬಾರದು ಅಂದರೆ ಬೀಳಬಾರದು. ಮರುದಿನ ಬೆಳಿಗ್ಗೆ ಕೊಟ್ರೇಶಿ ಭಟ್ಟಿಗೆ ಹೊರಟ. ಭಟ್ಟಿ ಇರುವುದು ಮೂಡಣಕ್ಕೆ, ಸೂರ್ಯ ಇರುವುದೂ ಮೂಡಣಕ್ಕೆ. ಇವನು ತಿರುಗಿ ನಿಂತ, ಹಿಂದಕ್ಕೆ ಹಿಂದಕ್ಕೆ ನಡೆದ. ಬೆಣ್ಣೆದೋಸೆ ಅಂಗಡಿ ಮುಂದಿದ್ದ ಹಿಟ್ಟಿನ ಪಾತ್ರೆಯೊಳಗೆ ಕೂತ ಮೇಲೇ ನಡಿಗೆ ನಿಂತದ್ದು.

"ಯವ್ವಾ, ಮುಖಕ್ಕೆ ಒಂಚೂರೂ ಬಿಸಿಲು ಬಿದ್ದಿಲ್ಲ" ಅಂತ ಹಿಟ್ಟು ಸುರಿಸುತ್ತಾ ಮನೆಗೆ ಬಂದ.

"ಥೂ ನಿನ್ನ. ಬಿಸಿಲಾಗ್ಲಿ ಬೆಳಕಾಗ್ಲಿ, ಮುಖಕ್ಕೆ ಬಿತ್ತು ಅಂದ್ರೆ ಟವಲ್ ಮುಚ್ಕೋಬೇಕಲೇ, ದಡ್ಡ ನನ್ಮಗನೇ."

"ಹೂನವ್ವ, ಮುಚ್ಕೋತೀನಿ."

ಮುಚ್ಚಿಕೊಂಡ. ಎಲ್ಲಿ? ಡಾಕ್ಟರಮ್ಮನ ಆಸ್ಪತ್ರೆಯ ಮಂಚದ ಮೇಲೆ. ನರ್ಸಮ್ಮ ತಣ್ಣನೆ ಜೆಲ್ ಹಚ್ಚಿದಳು, ಕಣ್ಣಿಗೆ ಕಪ್ಪು ಕನ್ನಡಕ ಇಟ್ಟಳು, ಮಷೀನು ಫಳ್ ಅಂತು. ಇವನು ಟವಲನ್ನು ಮುಖದ ಮೇಲೆ ಎಳೆದುಕೊಂಡ. ತೆಗೆದರೆ ಮುಚ್ಚಿದ, ತೆಗೆದರೆ ಮುಚ್ಚಿದ. ಆ ದಿನ ಚಿಕಿತ್ಸೆ ಆಗಿದ್ದು ಕೊಟ್ರೇಶಿಗಲ್ಲ, ಟವಲಿಗೆ. ಹೊರಗೆ ಕೂತಿದ್ದ ಹಾಲವ್ವನನ್ನು ಒಳಗೆ ಕರೆಸಬೇಕಾಯಿತು.

"ಇಲ್ಲಿ ಮುಚ್ಕೋ ಅಂತ ಯಾರಲೇ ಹೇಳಿದ್ರು? ಯಾರಾದ್ರೂ ನಿನ್ನ ಮುಖಕ್ಕೆ ಬೆಳಕು ಹಿಡಿದ್ರೆ ಟವಲ್ ತೆಗಿ, ಅಂಗಾತ ಮಲಗು, ಕಣ್ಣು ಮುಚ್ಚು. ಅವರು ಮುಗೀತು ಅನ್ನೋತನಕ ಏಳಬ್ಯಾಡ."

"ಹೂನವ್ವ, ಏಳಲ್ಲ."

ಆಮೇಲೆ ಹೋದಾಗಲೆಲ್ಲ ಹಾಗೇ ಮಾಡಿದ. ಕಲೆಗಳು ಕಾಫಿಪುಡಿಯ ಹಾಗೆ ಕಪ್ಪಾಗಿ ಉದುರಿದವು, ಕೆಂಪೂ ಇಳಿಯಿತು. ಮುಖವೇನೋ ತಿಳಿಯಾಯಿತು, ತಲೆಯೊಳಕ್ಕೆ ಬೆಳಕು ಬಿಡುವ ಮಷೀನು ಡಾಕ್ಟರಮ್ಮನ ಹತ್ತಿರ ಇರಲಿಲ್ಲ. ಹರಪನಹಳ್ಳಿಯವರು ಲಗ್ನ ಗೊತ್ತುಮಾಡಿದರು. ಮುಖ ನೋಡಿ ಹೆಣ್ಣು ಕೊಡುವವರಿಗೆ ನಾವೇನು ಹೇಳುವುದು?

ಮದುವೆಯ ದಿನ ಗಂಡಿನ ಕಡೆಯವರು ಕಲ್ಯಾಣ ಮಂಟಪದ ಬಾಗಿಲಿಗೆ ಬಂದರು. ಮುತ್ತೈದೆಯರು ಆರತಿ ತಟ್ಟೆ ತಂದು ಮದುಮಗನ ಮುಖಕ್ಕೆ ದೀಪ ಬೆಳಗಿದರು. ಕೊಟ್ರೇಶಿ ಹೆಗಲ ಶಲ್ಯ ತೆಗೆದ, ಹೊಸಿಲ ಮುಂದೆ ಅಂಗಾತ ಮಲಗಿದ, ಕಣ್ಣು ಮುಚ್ಚಿದ. ಮದುಮಗ ತಲೆ ತಿರುಗಿ ಬಿದ್ದ ಅಂತ ಒಬ್ಬರು ನೀರು ಚಿಮುಕಿಸಿದರು, ಒಬ್ಬರು ಈರುಳ್ಳಿ ಮೂಸಿಸಿದರು. ಅವನು ಏಳಲಿಲ್ಲ.

"ಮುಗೀತು ಅಂತ ಯಾರೂ ಅಂದಿಲ್ಲಲ್ಲ" ಅಂದ, ಮಲಗಿದಲ್ಲೇ.

"ಮುಗೀತು, ಏಳಪ್ಪ" ಅಂದಳು ಹಾಲವ್ವ. ಬೆಳಗಿಂದ ಉಪವಾಸ ಇದ್ದಾನೆ, ನಿತ್ರಾಣ ಅಂತ ಬೀಗರಿಗೆ ಸುಳ್ಳು ಹೇಳಿ ಮಗನನ್ನು ಮೂಲೆಗೆ ಎಳೆದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

"ನಿನ್ನ ಕಾಲಿಗೆ ಬೀಳ್ತೀನೋ, ಇದೊಂದು ದಿನ ನನ್ನ ಮಾನ ಉಳಿಸು. ನಿನ್ನ ಬುದ್ಧಿ ಓಡಿಸಬ್ಯಾಡ. ಮಂದಿ ಏನು ಮಾಡ್ತಾರೆ ನೋಡು, ನೀನೂ ಅದನ್ನೇ ಮಾಡು."

"ಹೂನವ್ವ, ಅದನ್ನೇ ಮಾಡ್ತೀನಿ."

ಮುಹೂರ್ತ ಬಂತು. ಅಯ್ಯನೋರು ತಾಳಿಯನ್ನು ಅವನ ಕೈಗೆ ಕೊಟ್ಟು, ಗಟ್ಟಿಮೇಳಕ್ಕೆ ಕೈ ಎತ್ತಿದರು. ಕಟ್ಟು ಅಂತ ಬೇರೆ ಹೇಳಬೇಕು ಅಂತ ಯಾರಿಗೆ ಹೊಳೆದೀತು? ಗಂಗಾಂಬಿಕೆ ತಲೆ ತಗ್ಗಿಸಿ ಕೊರಳು ಒಡ್ಡಿದಳು. ಕೊಟ್ರೇಶಿ ಮಂದಿಯನ್ನು ನೋಡಿದ. ಮಂದಿಯೆಲ್ಲ ಕೈಯಲ್ಲಿದ್ದದ್ದನ್ನು ಎಸೆಯುತ್ತಿದ್ದರು. ಇವನೂ ಕೈಯಲ್ಲಿದ್ದದ್ದನ್ನು ಎಸೆದ. ಮಂದಿಯ ಕೈಯಲ್ಲಿದ್ದದ್ದು ಅಕ್ಷತೆ, ಇವನ ಕೈಯಲ್ಲಿದ್ದದ್ದು ತಾಳಿ. ಅದು ಹೋಗಿ ಓಲಗದವನ ಡೋಲಿನ ಮೇಲೆ ಬಿತ್ತು.

ಮೇಳ ನಿಂತಿತು. ಗಂಗಾಂಬಿಕೆ ತಲೆ ಎತ್ತಿ ಅವನನ್ನು ಒಂದು ಸಲ ನೋಡಿದಳು, ಬಾಸಿಂಗ ಬಿಚ್ಚಿಟ್ಟು ಎದ್ದು ನಡೆದಳು. ಬದುಕಿಕೊಂಡಳು ಹುಡುಗಿ. ಹೆಣ್ಣಿನ ಕಡೆಯವರೆಲ್ಲ ಹಾಲವ್ವನನ್ನು ಸುತ್ತುಗಟ್ಟಿದರು.

"ಎಂಥ ಪೆದ್ದನ್ನ ಹೆತ್ತೀಯಮ್ಮಾ ನೀನು?" ಅಂದ ಹುಡುಗಿಯ ತಂದೆ.

"ಎಂಥ ಪೆದ್ದನ್ನ ಹೆತ್ತೀಯಮ್ಮಾ ನೀನು?" ಅಂದರು ಅವರ ಮಂದಿಯೆಲ್ಲ.

ಹಾಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಕೊಟ್ರೇಶಿ ಮಂದಿಯನ್ನು ನೋಡಿದ. ನಡುವೆ ತೂರಿಕೊಂಡು ಮುಂದೆ ಬಂದ, ಹೆತ್ತವಳ ಮುಖಕ್ಕೆ ಕೈ ತೋರಿಸಿ ಕೇಳಿದ:

"ಎಂಥ ಪೆದ್ದನ್ನ ಹೆತ್ತೀಯವ್ವಾ ನೀನು?"