ಇದಿನಬ್ಬನ ಪಾಲಿನ ಕೆಲಸ

ಒಂದು ಬಂದರಿನಲ್ಲಿ ದೂಮಣ್ಣ ಮತ್ತು ಇದಿನಬ್ಬ ಎಂಬ ಇಬ್ಬರು ಗೆಳೆಯರಿದ್ದರು. ಇಬ್ಬರೂ ಸೇರಿ ಒಂದು ಪಿಕಪ್ ಗಾಡಿ ಕೊಂಡರು. ಬೆಳಿಗ್ಗೆ ಮೀನು ತುಂಬಿ ಘಾಟಿ ಹತ್ತುವುದು, ಮಧ್ಯಾಹ್ನ ಖಾಲಿ ಪೆಟ್ಟಿಗೆ ಹೇರಿಕೊಂಡು ಇಳಿಯುವುದು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಮೊದಲ ದಿನವೇ ಇದಿನಬ್ಬ ಕೆಲಸ ಹಂಚಿದ್ದ.

"ಮೇಲಿನದು ನಿಂದು. ಅಡಿಯದು ನಂದು."

ದೂಮಣ್ಣ ಗಾಜು ಒರೆಸಿದ, ಬಣ್ಣ ಬಳಿಸಿದ, ಆಯುಧಪೂಜೆಗೆ ಗೊಂಡೆಹೂವಿನ ಹಾರ ಹಾಕಿದ. ಗಾಡಿ ಯಾವಾಗಲೂ ಮದುಮಗನ ಹಾಗಿತ್ತು; ಬಂದರಿನವರು ಅದನ್ನು ಹಾಗೇ ಕರೆಯುತ್ತಿದ್ದರು.

ಇದಿನಬ್ಬನ ಕೆಲಸ ಬೇರೆ. ಘಾಟಿ ಇಳಿದು ಬಂದ ಕೂಡಲೇ ಗಾಡಿಯನ್ನು ತನ್ನ ಮನೆಯಂಗಳಕ್ಕೆ ತರುತ್ತಿದ್ದ. ಬಾವಿಯಿಂದ ಕೊಡಪಾನ ಕೊಡಪಾನ ನೀರು ಸೇದಿ ಹಿಂದಿನ ಚಕ್ರಗಳ ಒಳಬದಿಗೆ ಎರಚುತ್ತಿದ್ದ. ಆಮೇಲೆ ಗೋಣಿ ಹಾಸಿಕೊಂಡು ಅಡಿಗೆ ನುಗ್ಗುತ್ತಿದ್ದ. ಎಣ್ಣೆ ಬಟ್ಟೆಯಲ್ಲಿ ಒಂದೊಂದೇ ಕಬ್ಬಿಣ ಒರೆಸುತ್ತಿದ್ದ. ಹೊರಗೆ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ದೂಮಣ್ಣ ಬಾವಿಕಟ್ಟೆಯ ಮೇಲೆ ಕೂತು ಆ ಕಾಲುಗಳ ಜೊತೆ ಮಾತಾಡುತ್ತಿದ್ದ.

"ಅದರ ಹೊಟ್ಟೆ ಯಾರು ನೋಡ್ತಾರೆ ಮಾರಾಯ?"

"ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವ ನೀನು. ನನ್ನನ್ನು ಕೇಳ್ತೀಯಾ?"

ಅಷ್ಟರಲ್ಲಿ ಇದಿನಬ್ಬನ ಹೆಂಡತಿ ಐಸಮ್ಮ ಚಹಾ ತರುತ್ತಿದ್ದಳು. "ಒರೆಸಿ ಆಯ್ತಾ?" ಎಂದು ಕೇಳುತ್ತಿದ್ದಳು. "ಒಂದು ಕಡೆ ಬಾಕಿ ಉಂಟು" ಎಂದು ಕಾಲುಗಳು ಹೇಳುತ್ತಿದ್ದವು. ಅವಳು ಗ್ಲಾಸಿನ ಮೇಲೊಂದು ತಟ್ಟೆ ಮುಚ್ಚಿಟ್ಟು ಒಳಗೆ ಹೋಗುತ್ತಿದ್ದಳು. ದಿನಾ ಅದೇ ಪ್ರಶ್ನೆ, ಅದೇ ಉತ್ತರ.

ಮೂರು ವರ್ಷದ ಹಿಂದೆ ಇದಿನಬ್ಬ ತೀರಿಕೊಂಡ. ಅವನ ಮಗ ನಝೀರ್ ಸ್ಟೇರಿಂಗ್ ಹಿಡಿದ. ಮೂವತ್ತು ದಾಟಿದವ, ಎರಡು ಮಕ್ಕಳ ತಂದೆ. ದೂಮಣ್ಣ ಎದುರಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ 'ಇದಿನಬ್ಬ' ಎಂದು ದೊಡ್ಡದಾಗಿ ಬರೆಸಿದ. ಆದರೆ ಆ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ. ಬಾವಿ ಇತ್ತು, ಕಟ್ಟೆ ಇತ್ತು, ಮಾತಾಡಲು ಆ ಕಾಲುಗಳಿರಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

ಬಂದರಿನಲ್ಲೇ ಒಂದು ಪೈಪು ಇತ್ತು. ಬೋಟು ತೊಳೆಯುವ ಪೈಪು, ಸಮುದ್ರದ ನೀರು. ದೂಮಣ್ಣ ದಿನಾ ಅದರಲ್ಲೇ ಗಾಡಿ ತೊಳೆದ. ನಝೀರ್ ಮುಂದೆ ಬಂದರೆ, "ನೀನು ಮನೆಗೆ ಹೋಗು. ಇದು ನನ್ನ ಕೆಲಸ" ಎಂದ.

ಒಂದು ಬೆಳಿಗ್ಗೆ ಗಾಡಿಯ ಎಡಬದಿ ಹಿಂದೆ ನಾಲ್ಕು ಬೆರಳು ಕುಸಿದು ನಿಂತಿತ್ತು. ಬಂದರಿಗೆ ಬೂತಾಯಿ ಮೀನು ರಾಶಿ ಬಿದ್ದಿದ್ದ ದಿನ. ಮೆಕ್ಯಾನಿಕ್ ಗಿಲ್ಬರ್ಟ್ ಅಡಿಗೆ ಹೋಗಿ ಸುತ್ತಿಗೆಯಿಂದ ತಟ್ಟಿದ. ಟಣ್ ಎನ್ನಬೇಕಾದದ್ದು ಟಪ್ ಎಂದಿತು.

"ಶಾಕಲ್ ಹೋಗಿದೆ ದೂಮಣ್ಣ. ಎರಡೂ ಕಡೆಯದು."

ಶಾಕಲ್ ಎಂದರೆ ಸ್ಪ್ರಿಂಗ್ ಪ್ಲೇಟುಗಳ ತುದಿಯನ್ನು ಗಾಡಿಗೆ ನೇತುಹಾಕುವ ಗೇಣುದ್ದದ ಕಬ್ಬಿಣ. ಮೇಲೊಂದು ಪಿನ್ನು, ಕೆಳಗೊಂದು ಪಿನ್ನು. ಹಿಂಬದಿಯ ಭಾರವೆಲ್ಲ ಅದರಲ್ಲೇ ತೂಗುತ್ತದೆ.

"ಎಡದ್ದಕ್ಕೆ ಒಂದು ವೆಲ್ಡಿಂಗ್ ಹೊಡಿ. ಇವತ್ತು ಗಾಡಿ ಘಾಟಿ ಹತ್ತಲೇಬೇಕು."

"ಹೊಡೀತೇನೆ. ತಿರುವಿನಲ್ಲಿ ಬಿಟ್ಟುಹೋದರೆ ನಝೀರನನ್ನು ಯಾರು ಹಿಡಿದುಕೊಳ್ತಾರೆ, ಅದನ್ನೂ ಹೇಳಿಬಿಡಿ."

ದೂಮಣ್ಣನಿಗೆ ಸಿಟ್ಟು ಬಂತು. "ಮೂರು ವರ್ಷ ಒಂದು ದಿನ ತಪ್ಪದೆ ತೊಳೆದಿದ್ದೇನೆ. ತುಕ್ಕು ಹಿಡಿಯಲಿಕ್ಕೆ ಹೇಗೆ ಸಾಧ್ಯ?"

"ನೀವೇ ಒಮ್ಮೆ ಅಡಿಗೆ ಬನ್ನಿ. ಸೊಂಟ ಹಿಡಿದುಕೊಂಡರೆ ಜಾಕ್ ಹಾಕಿ ಎತ್ತುತ್ತೇನೆ."

ಅರವತ್ತೆಂಟರ ದೂಮಣ್ಣ ಗೋಣಿ ಹಾಸಿಕೊಂಡು ಜೀವನದಲ್ಲಿ ಮೊದಲ ಸಲ ಗಾಡಿಯ ಅಡಿಗೆ ಹೋದ. ಕಬ್ಬಿಣ ಪದರ ಪದರವಾಗಿ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದ. ಹಪ್ಪಳದಂತೆ ಮುರಿದು ಒಂದು ಚೂರು ತುಟಿಯ ಮೇಲೆ ಬಿತ್ತು.

ಉಪ್ಪುಪ್ಪಾಗಿತ್ತು.

ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿ ಇಳಿದ ಉಪ್ಪುನೀರನ್ನು ಇದಿನಬ್ಬ ದಿನಾ ಬಾವಿ ನೀರಿನಿಂದ ತೊಳೆದು ತೆಗೆದಿದ್ದ. ಅದೇ ಜಾಗಕ್ಕೆ ತಾನು ಮೂರು ವರ್ಷ ಸಮುದ್ರವನ್ನೇ ಹೊಡೆದಿದ್ದ. ಯಾರೂ ಹೇಳಬೇಕಾಗಿರಲಿಲ್ಲ.

ಬಲಗಡೆ ನೋಡಿದ. ಮೇಲಿನ ಪಿನ್ನಿನ ಹತ್ತಿರ, ಚಾಸಿಯ ಸಂದಿಯಲ್ಲಿ, ಒಂದು ಬಟ್ಟೆ ಸಿಕ್ಕಿಸಿಟ್ಟಿತ್ತು. ಹಸಿರು ಚೌಕಳಿಯ ಲುಂಗಿಯ ತುಂಡು, ಗ್ರೀಸಿನಿಂದ ದಪ್ಪವಾಗಿತ್ತು. ನಾಳೆ ಬೇಕು ಎಂದು ಇದಿನಬ್ಬ ಇಟ್ಟುಹೋದದ್ದು. ಅದು ತಾಗಿದಷ್ಟು ಜಾಗದಲ್ಲಿ ಮಾತ್ರ ತುಕ್ಕಿರಲಿಲ್ಲ.

ದೂಮಣ್ಣ ತುಂಬ ಹೊತ್ತು ಹೊರಗೆ ಬರಲಿಲ್ಲ.

"ನಿದ್ದೆ ಬಂತಾ ದೂಮಣ್ಣ?" ನಝೀರ್ ಬಗ್ಗಿ ಕೇಳಿದ.

"ಎರಡೂ ಕಡೆ ಹೊಸತು ಹಾಕು ಗಿಲ್ಬರ್ಟ್. ಪಿನ್ನು, ಬುಷ್ಷು, ಎಲ್ಲ. ಮೀನು ಬೇರೆಯವರ ಗಾಡಿಯಲ್ಲಿ ಹೋಗಲಿ."

ಬಂದರಿನವರು ನಕ್ಕರು. "ಮದುಮಗನಿಗೆ ಸೊಂಟ ಇಲ್ಲವಂತೆ!"

ನಾಲ್ಕು ಪಿನ್ನು. ಮೂರನ್ನು ಗ್ಯಾಸಿನಲ್ಲಿ ಕತ್ತರಿಸಿಯೇ ತೆಗೆಯಬೇಕಾಯಿತು. ಬಲಗಡೆಯ ಮೇಲಿನ ಪಿನ್ನು ಮಾತ್ರ ಸ್ಪಾನರ್ ಕೊಟ್ಟ ಕೂಡಲೇ ತಿರುಗಿ ಬಂತು. ಗಿಲ್ಬರ್ಟ್ ಬಟ್ಟೆಯನ್ನು ಎಳೆದು ಎಸೆಯಹೊರಟ.

"ಎಸೆಯಬೇಡ!" ದೂಮಣ್ಣ ಕೂಗಿದ.

ನಝೀರ್ ಅದನ್ನು ಕೈಗೆ ತೆಗೆದುಕೊಂಡ. "ಇದು ಅಪ್ಪನ ಲುಂಗಿ."

"ಹೌದು. ಇಷ್ಟು ದಿನ ನಿನ್ನನ್ನು ಘಾಟಿಯಿಂದ ಇಳಿಸಿ ತಂದದ್ದು ಅವನು ಇಪ್ಪತ್ತು ವರ್ಷ ಒರೆಸಿಟ್ಟದ್ದು. ಕೆಡಿಸಿದವ ನಾನು. ಬಾವಿಗೆ ಬರಬೇಕಿತ್ತು, ಬರಲಿಲ್ಲ."

ನಝೀರ್ ಬಟ್ಟೆಯನ್ನು ಮಡಚಿ ಅವನ ಕೈಗಿತ್ತ. "ಅಪ್ಪ ಇದ್ದಿದ್ದರೆ ನಿಮಗೆ ಸರಿಯಾಗಿ ಬೈತಿದ್ದರು."

"ಬೈಸಿಕೊಳ್ಳಲಿಕ್ಕೆ ನಾನು ತಯಾರು. ಅವನು ಎಲ್ಲಿದ್ದಾನೆ?"

ಮರುದಿನ ಗಾಡಿ ನೆಟ್ಟಗೆ ನಿಂತಿತು. ಘಾಟಿ ಹತ್ತಿತು, ಇಳಿಯಿತು. ಮಧ್ಯಾಹ್ನ ದೂಮಣ್ಣ ಬಂದರಿನ ಪೈಪು ಮುಟ್ಟಲಿಲ್ಲ. ನಝೀರನ ಪಕ್ಕ ಹತ್ತಿ ಕೂತ.

"ಮನೆಗೆ ನಡಿ."

ಅಂಗಳ ಹಾಗೆಯೇ ಇತ್ತು. ರಾಟೆ ಮೊದಲಿನ ಹಾಗೇ ಕಿರುಗುಟ್ಟಿತು. ನಝೀರ್ ನೀರು ಸೇದಿ ಎರಚಿದ. ದೂಮಣ್ಣ ಗೋಣಿ ಹಾಸಿ, ಆ ಹಸಿರು ಬಟ್ಟೆ ಹಿಡಿದು ಅಡಿಗೆ ಹೋದ.

ಐಸಮ್ಮ ಚಹಾ ಹಿಡಿದು ಬಾಗಿಲಿಗೆ ಬಂದಳು. ಗಾಡಿಯ ಅಡಿಯಿಂದ ಹೊರಗೆ ಚಾಚಿದ ಎರಡು ಕಾಲು ನೋಡಿ ನಿಂತುಬಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಒರೆಸಿ ಆಯ್ತಾ?"

ಅಡಿಯಿಂದ ಉತ್ತರ ಬಂತು.

"ಒಂದು ಕಡೆ ಬಾಕಿ ಉಂಟು."

ಐಸಮ್ಮ ಗ್ಲಾಸಿನ ಮೇಲೆ ತಟ್ಟೆ ಮುಚ್ಚಿಟ್ಟಳು.

ನೀತಿ: ಹೋದವರ ಹೆಸರನ್ನು ಗಾಜಿನ ಮೇಲೆ ಬರೆಸುವುದು ಸುಲಭ. ಯಾರಿಗೂ ಕಾಣದ ಹಾಗೆ ಅವರು ಮಾಡುತ್ತಿದ್ದ ಕೆಲಸ ಯಾವುದು ಎಂದು ಹುಡುಕಿ. ಅದನ್ನು ನೀವು ಮಾಡಿ. ಉಳಿದವರ ಜೀವ ಅದರಲ್ಲೇ ತೂಗುತ್ತಿರುತ್ತದೆ.